ಯಾರು ಕೊಟ್ಟರಂತ ಕೇಳಬ್ಯಾಡ: ಶಹಾಬಾದದ ತಪಸ್ಸುಕಾಲ

ಹಳೇ ಮನೆಯಲ್ಲಿ ಬೆಳೆದವರಾದರೆ ನಿಮಗೆ ನೆನಪಿರುತ್ತೆ. ಅಡುಗೆಮನೆಯಲ್ಲೋ, ಬಚ್ಚಲ ಹೊರಗಡೆಯೋ ಬೂದು ಬಣ್ಣದ ಚಪ್ಪಟೆ ಕಲ್ಲಿನ ಹಾಸು. ಬೇಸಿಗೆ ಮಧ್ಯಾಹ್ನ ಅದರ ಮೇಲೆ ಮಲಗಿದರೆ ತಣ್ಣಗೆ ನಿದ್ದೆ. ರೈಲ್ವೆ ಪ್ಲಾಟ್‌ಫಾರಂ, ಸರ್ಕಾರಿ ಶಾಲೆ ವರಾಂಡ, ತಾಲ್ಲೂಕು ಆಫೀಸು, ಎಲ್ಲಿ ನೋಡಿದರೂ ಅದೇ ಕಲ್ಲು. ಶಹಾಬಾದ್ ಕಲ್ಲು.

ಕಲ್ಲು ಗೊತ್ತು, ಊರು ಗೊತ್ತಿಲ್ಲ. ಬೆಂಗಳೂರಿನಲ್ಲಿ ನನ್ನ ಊರು ಶಹಾಬಾದ ಅಂದರೆ ಆಫೀಸಿನವರು ಕೇಳೋದೇ, "ಅದು ಊರಾ? ನಾನು ಬ್ರ್ಯಾಂಡ್ ಅಂದ್ಕೊಂಡಿದ್ದೆ."

ಊರೇ. ಕಲಬುರಗಿ ಜಿಲ್ಲೆಯಲ್ಲಿದೆ, ಈಗ ತಾಲ್ಲೂಕು ಕೇಂದ್ರ. ಹೋದ ವರ್ಷ, ಅಂದರೆ 2025ರ ಯುಗಾದಿಗೆ, ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದೆ. ಯುಗಾದಿ ಮಾರ್ಚ್ 30ರ ಭಾನುವಾರ, ರಮ್ಜಾನ್ ಹಬ್ಬ 31ರ ಸೋಮವಾರ. ಶುಕ್ರವಾರ ಒಂದು ರಜೆ ಹಾಕಿದರೆ ಲಾಂಗ್ ವೀಕೆಂಡ್. ಫ್ರೆಂಡ್ಸ್ ಗೋಕರ್ಣಕ್ಕೆ ಕರೆದಿದ್ದರು. ನಾನು ಒಂದು ಕೆಲಸ ಇಟ್ಟುಕೊಂಡು ಊರಿಗೆ ಹೊರಟೆ. ಆ ಕೆಲಸ ಆಗಲಿಲ್ಲ. ಆಗದೇ ಇದ್ದದ್ದು ಯಾಕೆ ಅಂತ ಹೇಳೋಕೇ ಇದನ್ನ ಬರೀತಿದ್ದೀನಿ.

ಕಲ್ಲಿನ ಊರು, ಬಂದವರ ಊರು

ರಾತ್ರಿ ಬೆಂಗಳೂರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ರಾಯಚೂರು ದಾಟಿ, ಕೃಷ್ಣಾ ನದಿ ದಾಟಿ, ಯಾದಗಿರಿ ಆದ ಮೇಲೆ ವಾಡಿ ಜಂಕ್ಷನ್. ನಾನು ವಾಡಿಯಲ್ಲೇ ಇಳಿದುಬಿಡ್ತೀನಿ, ಅಲ್ಲಿಂದ ಊರು ಹತ್ತಿರ. ದಾರಿ ಉದ್ದಕ್ಕೂ ಎರಡೂ ಕಡೆ ಕಲ್ಲಿನ ಖಣಿಗಳು. ಇಲ್ಲಿನ ಸುಣ್ಣದಕಲ್ಲು ಪದರು ಪದರಾಗಿ ಕೂತಿದೆ, ರೊಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ. ಉಳಿ ಇಟ್ಟು ಸುತ್ತಿಗೆಯಿಂದ ಹದವಾಗಿ ಹೊಡೆದರೆ ಹಾಳೆ ಹಾಳೆಯಾಗಿ ಬಿಡುತ್ತೆ. ನಮ್ಮ ಕಡೆ ಅದಕ್ಕೆ ಪರ್ಸಿ ಅಂತೀವಿ. ನೆಲಕ್ಕೂ ಅದೇ, ಬಡವರ ಮನೆ ಮೇಲ್ಛಾವಣಿಗೂ ಅದೇ, ಹೊಲದ ಬೇಲಿಗೂ ಅದೇ.

1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿತು. ಆ ಹಳಿ ನಮ್ಮ ಊರ ಮೇಲೇ ಹೋಯಿತು. ಕಲ್ಲು ಹೊರಗೆ ಹೋಯಿತು, ಜನ ಒಳಗೆ ಬಂದರು. ಆಮೇಲೆ ಸಿಮೆಂಟ್ ಬಂತು. 1936ರಲ್ಲಿ ಹಲವು ಕಂಪನಿ ಸೇರಿ ಎಸಿಸಿ ಆದಾಗ ಅದರಲ್ಲಿ ಶಹಾಬಾದ ಸಿಮೆಂಟ್ ಕಂಪನಿಯೂ ಒಂದು. ತಮಿಳರು, ತೆಲುಗರು, ಮರಾಠಿಗರು, ಮಲಯಾಳಿಗಳು, ಮಂಗಳೂರು ಕಡೆಯವರು, ಕೆಲಸ ಹುಡುಕಿಕೊಂಡು ಬಂದ ಎಲ್ಲರಿಗೂ ಇಲ್ಲಿ ಜಾಗ ಸಿಕ್ಕಿತು. 1948ರವರೆಗೆ ನಿಜಾಮರ ಆಳ್ವಿಕೆ ಇದ್ದ ಊರಾದ್ದರಿಂದ ಉರ್ದು ಮೊದಲೇ ಇತ್ತು. ಹೀಗಾಗಿ ನಮ್ಮ ಓಣಿಯಲ್ಲಿ ಜಗಳ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗೀತಿತ್ತು.

ನಮ್ಮ ಕಥೋಲಿಕ ಸಮುದಾಯವೂ ಹೀಗೇ ಬೇರೆ ಬೇರೆ ಕಡೆಯಿಂದ ಬಂದವರು, ಇಲ್ಲಿಯವರೇ ಆದವರು ಸೇರಿ ಆದದ್ದು. ಸಂಖ್ಯೆ ಸಣ್ಣದು. ಕರಾವಳಿಯ ದೊಡ್ಡ ದೊಡ್ಡ ಇಗರ್ಜಿ ನೋಡಿದವರಿಗೆ ಈ ಭಾಗದ ಚರ್ಚು ಶಾಲೆಯ ಒಂದು ಕೋಣೆ ಅನ್ನಿಸಬಹುದು. ಗುಲ್ಬರ್ಗ ಧರ್ಮಪ್ರಾಂತ್ಯ ಆಗಿದ್ದೇ 2005ರಲ್ಲಿ. ರಾಬರ್ಟ್ ಮೈಕಲ್ ಮಿರಾಂಡ ಮೊದಲ ಧರ್ಮಾಧ್ಯಕ್ಷರು. ನೂರಾರು ವರ್ಷದ ಆಸ್ತಿ, ತೆಂಗಿನ ತೋಟ, ದೊಡ್ಡ ದಾನಿಗಳ ಮನೆತನ, ಇವೆಲ್ಲ ನಾನು ಬೆಳೆದ ಕಡೆ ಇರಲಿಲ್ಲ. ಇದ್ದದ್ದು ಜನ. ಆ ಜನರಲ್ಲೂ ಬಹಳಷ್ಟು ಮಂದಿ ದಿನಗೂಲಿಯವರು.

ನಲವತ್ತು ದಿನ

ತಪಸ್ಸುಕಾಲ ಗೊತ್ತಿಲ್ಲದವರಿಗೆ ಎರಡು ಮಾತು. ಪಾಸ್ಖ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಅದು. ಶುರುವಾಗೋದು ಬೂದಿ ಬುಧವಾರದಿಂದ. ಹಿಂದಿನ ವರ್ಷ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನ ಸುಟ್ಟು, ಆ ಬೂದಿಯನ್ನ ಹಣೆಗೆ ಹಚ್ಚುತ್ತಾರೆ. 2025ರಲ್ಲಿ ಅದು ಮಾರ್ಚ್ 5. ಕ್ಯಾಲೆಂಡರ್‌ನಲ್ಲಿ ಎಣಿಸಿದರೆ ಪವಿತ್ರ ಶನಿವಾರದವರೆಗೆ 46 ದಿನ ಬರುತ್ತೆ. ಭಾನುವಾರ ಉಪವಾಸದ ದಿನವಲ್ಲ ಅಂತ ಆರು ಭಾನುವಾರ ಬಿಟ್ಟರೆ ಸರಿಯಾಗಿ ನಲವತ್ತು.

ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಹೊತ್ತು ಪೂರ್ತಿ ಊಟ. ಶುಕ್ರವಾರಗಳಂದು ಮಾಂಸ ಇಲ್ಲ. ಚರ್ಚಿನಲ್ಲಿ ಅಲ್ಲೆಲೂಯ ಹಾಡಲ್ಲ, ಪೀಠಕ್ಕೆ ಹೂವಿನ ಅಲಂಕಾರ ಇಲ್ಲ, ಗುರುಗಳ ವಸ್ತ್ರ ನೇರಳೆ ಬಣ್ಣ. ಪ್ರತಿ ಶುಕ್ರವಾರ ಸಂಜೆ ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತ ದಾರಿಯನ್ನ ನೆನೆಯುತ್ತಾ ಹದಿನಾಲ್ಕು ಕಡೆ ನಿಂತು ಪ್ರಾರ್ಥನೆ.

ಪ್ರಾರ್ಥನೆ, ಉಪವಾಸ, ದಾನ. ತಪಸ್ಸುಕಾಲದ ಮೂರು ಕಾಲು ಇವು. ನಾನು ಹೇಳೋಕೆ ಹೊರಟಿದ್ದು ಮೂರನೇದರ ಬಗ್ಗೆ. ಬೂದಿ ಬುಧವಾರ ಓದುವ ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳೋದು ಇದನ್ನೇ: ಕೊಡೋದನ್ನ ತುತ್ತೂರಿ ಊದಿ ಕೊಡಬೇಡಿ, ಗುಟ್ಟಾಗಿ ಕೊಡಿ. ಬಲಗೈ ಕೊಟ್ಟಿದ್ದು ಎಡಗೈಗೂ ಗೊತ್ತಾಗಬಾರದು ಅನ್ನೋ ಮಾತು ಅಲ್ಲಿಂದಲೇ ಬಂದದ್ದು.

ಆ ವರ್ಷ ಇನ್ನೊಂದು ವಿಶೇಷ ಇತ್ತು. ರಮ್ಜಾನ್ ರೋಜಾ ಮಾರ್ಚ್ 2ಕ್ಕೆ ಶುರುವಾಗಿತ್ತು, ಮೂರೇ ದಿನಕ್ಕೆ ನಮ್ಮ ತಪಸ್ಸುಕಾಲ. ಹೋಳಿ ಹುಣ್ಣಿಮೆ ಆದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ. ದಾಸೋಹ ಅನ್ನೋ ಶಬ್ದವನ್ನ ಬದುಕಿ ತೋರಿಸಿದವರು ಅಂತ ಈ ಭಾಗದ ಜನ ನಂಬೋ ಶರಣರು ಅವರು. ಪಕ್ಕದ ಮನೆ ಚಾಚಿ ರೋಜಾ ಹಿಡಿದಿದ್ದಳು. ಜಕಾತ್‌ಗೆ ಅಂತ ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ಲೆಕ್ಕ ಹಾಕ್ತಾ ಕೂತಿದ್ದಳು. ಹಬ್ಬದ ನಮಾಜಿಗೆ ಮುಂಚೆ ಬಡವರಿಗೆ ಫಿತ್ರಾ ಮುಟ್ಟಬೇಕು, ಅವರೂ ಹಬ್ಬ ಮಾಡೋ ಹಾಗಾಗಬೇಕು ಅಂತ ಅವಸರ ಬೇರೆ. ನಮ್ಮವ್ವ ನಕ್ಕು ಹೇಳಿದ್ದು: "ಈ ಸಲ ಓಣ್ಯಾಗ ಯಾರ ಮನ್ಯಾಗೂ ಒಲಿ ಸರಿಯಾಗಿ ಉರೀವಲ್ದು ನೋಡವ್ವ."

ಡಾಲ್ಡಾ ಡಬ್ಬಿ

ನಮ್ಮ ಮನೆಯಲ್ಲಿ ಒಂದು ಹಳೇ ಡಾಲ್ಡಾ ಡಬ್ಬಿ ಇದೆ. ತಪಸ್ಸುಕಾಲ ಬಂತು ಅಂದರೆ ಅವ್ವ ಅದನ್ನ ಮೇಲಿಂದ ಇಳಿಸಿ ತೊಳೆದು ಒಣಗಿಸ್ತಾಳೆ. ದಿನಾ ರೊಟ್ಟಿಗೆ ಜೋಳದ ಹಿಟ್ಟು ತೆಗೆಯುವಾಗ ಒಂದು ಹಿಡಿ ಆ ಡಬ್ಬಿಗೆ. ಆ ಒಂದು ಹಿಡಿಯಷ್ಟು ರೊಟ್ಟಿ ಮನೆಯಲ್ಲಿ ಕಡಿಮೆ ಆಗುತ್ತೆ. ಅದೇ ಅದರ ಅರ್ಥ. ಉಳಿದದ್ದನ್ನ ಕೊಡೋದಲ್ಲ, ತಟ್ಟೆಯಿಂದ ತೆಗೆದು ಕೊಡೋದು. ವಾರಕ್ಕೊಮ್ಮೆ ಅದು ಚರ್ಚಿಗೆ ಹೋಗಿ, ಎಲ್ಲರ ಮನೆಯ ಹಿಟ್ಟಿನ ಜೊತೆ ಸೇರಿ, ಯಾರಿಗೆ ಬೇಕೋ ಅವರ ಮನೆಗೆ ಹೋಗುತ್ತೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕೆಲಸ ಹೋಯಿತು. ಪರ್ಸಿ ಪಾಲಿಶ್ ಮಾಡೋ ಒಂದು ಸಣ್ಣ ಘಟಕದಲ್ಲಿ ಅವರಿದ್ದರು. ಪೇಟೆಗೆ ಹೊಳೆಯೋ ಟೈಲ್ಸ್ ಬಂದವು, ಮನೆ ಕಟ್ಟೋರು ಕಲ್ಲು ಕೇಳೋದು ಕಡಿಮೆ ಮಾಡಿದರು, ಮಷಿನ್ ನಿಂತಿತು. ಮೂರು ತಿಂಗಳು ಅಪ್ಪ ಬೆಳಿಗ್ಗೆ ಎದ್ದು ಅದೇ ಹೊತ್ತಿಗೆ ಸೈಕಲ್ ತಗೊಂಡು ಹೋಗಿ, ಎಲ್ಲೂ ಕೆಲಸ ಸಿಗದೆ ಅದೇ ಹೊತ್ತಿಗೆ ವಾಪಸ್ ಬರ್ತಿದ್ದರು. ಯಾರಿಗೂ ಹೇಳಿರಲಿಲ್ಲ.

ತಪಸ್ಸುಕಾಲದ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಒಂದು ಸಿಮೆಂಟ್ ಚೀಲ. ಒಗೆದು ಮಡಿ ಮಾಡಿದ ಚೀಲ. ಒಳಗೆ ಹಿಟ್ಟು, ತೊಗರಿಬೇಳೆ, ಒಂದು ಬಾಟಲಿ ಎಣ್ಣೆ, ಎರಡು ಸಾಬೂನು. ಎಲ್ಲಕ್ಕಿಂತ ಕೆಳಗೆ ಪೇಪರಿನಲ್ಲಿ ಸುತ್ತಿದ ಒಂದು ಜೊತೆ ಚಪ್ಪಲಿ. ನನ್ನ ಅಳತೆಯದ್ದು.

ನನ್ನ ಚಪ್ಪಲಿ ಕಿತ್ತುಹೋಗಿ ಪಿನ್ ಹಾಕಿಕೊಂಡು ತಿರುಗ್ತಿದ್ದೆ. ಯಾರೋ ಅದನ್ನ ನೋಡಿದ್ದರು.

ಖುಷಿಯಾಗಲಿಲ್ಲ, ಸತ್ಯ ಹೇಳ್ತೀನಿ. ಮೈ ಉರಿದು ಹೋಯಿತು. ಮುಂದಿನ ಭಾನುವಾರ ಚರ್ಚಿನಲ್ಲಿ ಪ್ರತಿಯೊಬ್ಬರ ಮುಖ ನೋಡಿದೆ. ಈ ಆಂಟಿನಾ? ಆ ಕಾಕಾನಾ? ಯಾರ ಕಣ್ಣು ನನ್ನ ಕಾಲಿನ ಕಡೆ ಹೋಗುತ್ತೆ ಅಂತ ಕಾದೆ. ಯಾರ ಕಣ್ಣೂ ಹೋಗಲಿಲ್ಲ. ಎರಡು ವಾರ ಹೀಗೇ ಕಾದು, ಆಮೇಲೆ ಮರೆತು, ಚಪ್ಪಲಿ ಸವೆಯೋವರೆಗೆ ಹಾಕಿಕೊಂಡೆ.

ಆ ಚೀಲದ ಹಿಟ್ಟಿನಿಂದ ಮೊದಲ ದಿನ ರೊಟ್ಟಿ ಮಾಡುವಾಗ ಅವ್ವ ಒಂದು ಹಿಡಿ ತೆಗೆದು ಡಾಲ್ಡಾ ಡಬ್ಬಿಗೆ ಹಾಕಿದಳು. "ನಮಗ ಬಂದಿದ್ದನ್ನೇ ಮತ್ತ ಕೊಡ್ತೀ ಏನವ್ವ?" ಅಂದೆ. "ನಮಗಿಂತ ಇಲ್ಲದವರು ಇರಂಗಿಲ್ಲೇನು?" ಅಂದಳು. ಶುಭಸಂದೇಶದ ಬಡ ವಿಧವೆಯ ಎರಡು ಕಾಸಿನ ಕಥೆಯನ್ನ ಭಾನುವಾರ ಎಷ್ಟು ಸಲ ಕೇಳಿದ್ದೆನೋ. ನಮ್ಮ ಅಡುಗೆಮನೆಯಲ್ಲಿ ಅದು ನಡೆದಾಗ ಗೊತ್ತಾಗಲಿಲ್ಲ.

ನಾನು ಹೊತ್ತುಕೊಂಡು ಹೋದ ಕೆಲಸ

ಅಪ್ಪ ಈಗಿಲ್ಲ. ನನಗೆ ಒಳ್ಳೇ ಸಂಬಳ ಇದೆ. ಆ ಚೀಲದ ಸಾಲ ತೀರಿಸಬೇಕು ಅಂತ ಬಹಳ ದಿನದಿಂದ ಇತ್ತು. ಚರ್ಚಿನ ಬಾಗಿಲ ಹತ್ತಿರದ ನೆಲ ಎದ್ದುಹೋಗಿದೆ ಅಂತ ಅವ್ವ ಹೇಳಿದ್ದಳು. ಅಲ್ಲಿಗೆ ಒಳ್ಳೇ ಪರ್ಸಿ ಹಾಕಿಸಿ, ಒಂದು ಕಲ್ಲಿನ ಮೇಲೆ ಅಪ್ಪನ ಹೆಸರು ಕೆತ್ತಿಸೋದು. ಕಲ್ಲಿನ ಕೆಲಸ ಮಾಡಿದವರಿಗೆ ಕಲ್ಲಿನಲ್ಲೇ ಹೆಸರು. ಚೆನ್ನಾಗಿರುತ್ತೆ ಅನ್ನಿಸಿತ್ತು. ಇದೇ ನಾನು ಇಟ್ಟುಕೊಂಡು ಹೋದ ಕೆಲಸ.

ಶುಕ್ರವಾರ ಸಂಜೆ ಶಿಲುಬೆ ಹಾದಿಗೆ ಹೋದೆವು. ರಮ್ಜಾನಿನ ಕೊನೇ ಶುಕ್ರವಾರ, ಬೀದಿ ತುಂಬಾ ಟೊಪ್ಪಿಗೆ, ಅತ್ತರು, ಖರ್ಜೂರದ ಗಾಡಿ. ಕಲಬುರಗಿ ಕಡೆ ಎರಡೇ ಕಾಲ, ಬಿಸಿಲು ಮತ್ತು ಬಹಳ ಬಿಸಿಲು ಅಂತ ತಮಾಷೆ ಮಾಡ್ತಾರೆ. ಮಾರ್ಚ್ ಕೊನೆಗೆ ಎರಡನೇದು ಶುರುವಾಗಿತ್ತು. ಹೊರಗೆ ಅಂಗಳದಲ್ಲಿ ಮೊಣಕಾಲೂರಿದರೆ ಹಗಲಿಡೀ ಕಾದ ಕಲ್ಲು ಚುರ್ರ್ ಅಂತಿತ್ತು. ಎಪ್ಪತ್ತು ದಾಟಿದ ಆಯಿಯೊಬ್ಬರು ಹದಿನಾಲ್ಕು ಕಡೆಯೂ ಮೊಣಕಾಲೂರಿದರು. ನಾನು ಒಂಬತ್ತಕ್ಕೆ ಸುಸ್ತು.

ಪ್ರಾರ್ಥನೆ ಮುಗಿದ ಮೇಲೆ ಉಪದೇಶಿ ಕಾಕಾನ ಹತ್ತಿರ ಹೋದೆ. ನಮಗೆಲ್ಲ ಜ್ಞಾನೋಪದೇಶ ಕಲಿಸಿದವರು, ಈಗ ವಯಸ್ಸಾಗಿದೆ. ಹಿಟ್ಟಿನ ಲೆಕ್ಕ ಇನ್ನೂ ಅವರದ್ದೇ. ನನ್ನ ಪ್ಲಾನ್ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ರೊಕ್ಕ ಬೇಕವ್ವ, ಬ್ಯಾಡ ಅನ್ನಂಗಿಲ್ಲ. ಫಾದರ್‌ಗೆ ಕೇಳು, ನೆಲಾ ಹಾಕಸ್ತಾರ. ಹೆಸರಿನ ಮಾತು ಬ್ಯಾರೆ."

"ಯಾಕ್ ಕಾಕಾ? ದೊಡ್ಡ ದೊಡ್ಡ ಚರ್ಚಿನಾಗ ಬೆಂಚಿಗೊಂದು ಹೆಸರು ಇರ್ತದ."

"ಇರಲಿ. ಅದು ತಪ್ಪಂತ ನಾ ಅನ್ನಂಗಿಲ್ಲ. ಇಲ್ಲಿ ಹಿಟ್ಟು ಕೊಟ್ಟವರ ಹೆಸರು ಎಲ್ಲಿ ಕೆತ್ತಸಲಿ, ಹೇಳು?"

ಉತ್ತರ ಇರಲಿಲ್ಲ. ಮಾತು ಬದಲಿಸೋಕೆ, ಇಪ್ಪತ್ತು ವರ್ಷದಿಂದ ಬಾಯಿ ತುದಿಯಲ್ಲಿದ್ದದ್ದನ್ನ ಕೇಳಿಯೇಬಿಟ್ಟೆ. "ಆ ಸಲ ನಮ್ಮ ಮನಿಗೆ ಚೀಲ ಯಾರು ತಂದಿಟ್ಟಿದ್ದರು ಕಾಕಾ? ಈಗರೆ ಹೇಳ್ರಿ."

"ಯಾರು ಕೊಟ್ಟರಂತ ಕೇಳಬ್ಯಾಡ. ಹೇಳಾಕ ಬರಂಗಿಲ್ಲ."

"ಅವರು ಬದುಕಿದ್ದಾರಾ?"

"ಅದೂ ಹೇಳಂಗಿಲ್ಲ. ನಿಮ್ಮಪ್ಪ ಯಾರ್ಯಾರ ಮನಿಗೆ ಏನೇನು ಮುಟ್ಟಿಸ್ಯಾನ, ಇಲ್ಲಾ ಏನೂ ಮುಟ್ಟಿಸಿಲ್ಲ, ಅದನ್ನೂ ಹೇಳಂಗಿಲ್ಲ. ನೀ ಕೇಳಿದಿ ಅಂತ ಹೇಳಿದರ, ನಾಳೆ ಇನ್ನೊಬ್ಬರು ನಿನ್ನ ಬಗ್ಗೆ ಕೇಳ್ತಾರ."

ಇಷ್ಟು ವರ್ಷ ನಾನು ಯೋಚಿಸಿದ್ದು ಕೊಟ್ಟವರ ಬಗ್ಗೆ ಮಾತ್ರ. ಆ ಗುಟ್ಟು ಕಾಪಾಡಿದ್ದು ಕೊಟ್ಟವರನ್ನಲ್ಲ, ಐದನೇ ಕ್ಲಾಸಿನ ನನ್ನನ್ನ. ಕೊಟ್ಟವರು ಯಾರು ಅಂತ ಗೊತ್ತಾಗಿದ್ದರೆ ಅವರ ಮಕ್ಕಳ ಜೊತೆ ನಾನು ಜಗಳ ಆಡೋಕೆ ಆಗ್ತಿತ್ತಾ? ಆಟದಲ್ಲಿ ಗೆಲ್ಲೋಕೆ ಆಗ್ತಿತ್ತಾ? ಜೀವನಪೂರ್ತಿ ಒಂದು ಮನೆ ಎದುರು ತಲೆ ತಗ್ಗಿಸಿ ನಡೀತಿದ್ದೆ. ಅದರ ಬದಲು ಇಡೀ ಊರಿನಲ್ಲಿ ತಲೆ ಎತ್ತಿ ನಡೆದೆ.

ಅದೇ ರಾತ್ರಿ ಇನ್ನೊಂದು ನೆನಪಾಯಿತು, ಅದು ನನ್ನದೇ ತಪ್ಪು. ಎರಡು ವರ್ಷದ ಹಿಂದೆ ಆಫೀಸಿನ ಟೀಮ್ ಜೊತೆ ಕಂಬಳಿ ಹಂಚೋಕೆ ಹೋಗಿದ್ದೆ. ಒಂದೇ ಬಣ್ಣದ ಟಿ-ಶರ್ಟು, ಬ್ಯಾನರ್ರು. ಕಂಬಳಿ ಕೊಡುವಾಗ ಫೋಟೋ ತೆಗೆಸಿಕೊಂಡೆ. ಕಂಬಳಿ ತಗೊಂಡ ಹೆಂಗಸು ಮುಖ ಆ ಕಡೆ ತಿರುಗಿಸಿದರು. "ಮೇಡಂ, ಸ್ವಲ್ಪ ಈ ಕಡೆ ನೋಡಿ" ಅಂದಿದ್ದು ನಾನೇ. ಆ ಫೋಟೋಗೆ ಬಹಳ ಲೈಕ್ ಬಂದವು.

ಲೆಕ್ಕ ಬಹಿರಂಗ, ಹೆಸರು ಗುಟ್ಟು

ಭಾನುವಾರ ಯುಗಾದಿ. ಬೆಳಿಗ್ಗೆ ಪಕ್ಕದ ಮನೆಯಿಂದ ಬೇವು ಬಂತು, ಕುಡಿದು ಚರ್ಚಿಗೆ ಹೋದೆವು. ತಪಸ್ಸುಕಾಲದ ನಾಲ್ಕನೇ ಭಾನುವಾರ ಅದು. ಹಬ್ಬ ಹತ್ತಿರ ಬಂತು, ಸ್ವಲ್ಪ ಸಂತೋಷಪಡಿ ಅನ್ನೋ ಭಾನುವಾರ. ಆ ವರ್ಷದ ಓದು ಲೂಕನ ದುಂದುಗಾರ ಮಗನ ಸಾಮತಿ. ಮನೆ ಬಿಟ್ಟು ಹೋದವನು ಊರಿಗೆ ಬಂದದ್ದನ್ನ ಕೇಳ್ತಾ ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ನಾನು ಹಾಡಿನ ಪುಸ್ತಕ ನೋಡಿದೆ.

ಬಲಿಪೂಜೆ ಮುಗಿದ ಮೇಲೆ ಲೆಕ್ಕ ಓದಿದರು. ಈ ವಾರ ಬಂದ ಹಿಟ್ಟು ಇಷ್ಟು ಕಿಲೋ, ಬೇಳೆ ಇಷ್ಟು, ರೊಕ್ಕ ಇಷ್ಟು. ಇಷ್ಟು ಮನೆಗೆ ಮುಟ್ಟಿದೆ, ಔಷಧಿಗೆ ಇಷ್ಟು, ಕೈಯಲ್ಲಿ ಉಳಿದದ್ದು ಇಷ್ಟು. ದೇಶದ ಕಥೋಲಿಕ ಚರ್ಚುಗಳೆಲ್ಲ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧದ ಅಭಿಯಾನಕ್ಕೆ ಹಣ ಕೂಡಿಸುತ್ತವೆ. 1962ರಲ್ಲಿ ಶುರುವಾದ ಕಾರಿತಾಸ್ ಇಂಡಿಯಾ ಅದನ್ನ ನಡೆಸುತ್ತೆ. ಅದಕ್ಕೆ ತೆಗೆದಿಟ್ಟದ್ದನ್ನೂ ಓದಿದರು. ಯಾರದ್ದೂ ಹೆಸರಿಲ್ಲ, ಕೊಟ್ಟವರದ್ದೂ ಇಲ್ಲ, ತಗೊಂಡವರದ್ದೂ ಇಲ್ಲ.

ಹಿಂದಿನ ಸಾಲಿನಿಂದ ಒಬ್ಬ ಆಯಿ ಎದ್ದು ನಿಂತು, "ಹ್ವಾದ ವಾರ ನಾಕುನೂರು ಉಳದಿತ್ತಂತ ಓದೀರಿ. ಅದು ಎಲ್ಲಿ ಹೋತು?" ಅಂದರು. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಹಿಂದಿನ ಪುಟ ತಿರುವಿ, ಎಣ್ಣೆಗೆ ಖರ್ಚಾಗಿದ್ದನ್ನ ತೋರಿಸಿದರು. ಆಯಿ ಸಮಾಧಾನವಾಗಿ ಕೂತರು.

ದಾನ ಗುಟ್ಟಾಗಿರಬೇಕು ಅಂದಾಗ ನಮ್ಮಂಥವರಿಗೆ ಮೊದಲು ಬರೋ ಅನುಮಾನ, ಹಾಗಾದ್ರೆ ದುಡ್ಡು ಎಲ್ಲಿ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ? ಸರಿಯಾದ ಪ್ರಶ್ನೆ. ದುಡ್ಡಿನ ವಿಷಯದಲ್ಲಿ ನಂಬಿಕೆ ಒಂದೇ ಸಾಲದು. ಆದರೆ ನಾವು ಬಹಳ ಸಲ ಉಲ್ಟಾ ಮಾಡ್ತೀವಿ: ಕೊಟ್ಟವರ ಹೆಸರು, ತಗೊಂಡವರ ಮುಖ ಎಲ್ಲಾ ಬಹಿರಂಗ, ಲೆಕ್ಕ ಮಾತ್ರ ಗುಟ್ಟು. ಇಲ್ಲಿ ನಾನೂರು ರೂಪಾಯಿಯ ಲೆಕ್ಕ ಎಲ್ಲರಿಗೂ ಬೇಕು, ಹೆಸರು ಯಾರಿಗೂ ಬೇಡ.

ಈಗ ಕಾಣಿಕೆ ಪೆಟ್ಟಿಗೆಯ ಪಕ್ಕ ಕ್ಯೂಆರ್ ಕೋಡೂ ಇದೆ. ದುಡ್ಡು ಬಂದ ಕೂಡಲೇ ಜೋರಾಗಿ ಕೂಗಿ ಹೇಳುತ್ತಲ್ಲ, ಅಂಗಡಿಗಳಲ್ಲಿರೋ ಆ ಸೌಂಡ್‌ಬಾಕ್ಸ್ ಇಡೋಣ ಅಂತ ಹುಡುಗರು ಹೇಳಿದ್ದರಂತೆ. "ತುತ್ತೂರಿ ಊದಬ್ಯಾಡ ಅಂತ ಓದಿ, ಇಲ್ಲಿ ತುತ್ತೂರಿನೇ ಇಡ್ತೀರೇನ್ರೋ?" ಅಂತ ಕಾಕಾ ಬೈದರಂತೆ.

ಹೋಗೋದಾದರೆ

ಶಹಾಬಾದಕ್ಕೆ ಪ್ರವಾಸಿಗರು ಅಂತ ಬರೋರು ಕಡಿಮೆ. ಬಂದರೆ ಚಳಿಗಾಲದಲ್ಲಿ ಬನ್ನಿ, ಪರ್ಸಿ ಖಣಿ ಒಮ್ಮೆ ನೋಡಿ, ನಿಮ್ಮ ಮನೆ ನೆಲ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಸೇಡಂ ಕಡೆ ಹೋದರೆ ಕಾಗಿಣಾ ನದಿ ದಡದಲ್ಲಿ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ದಡದ ಸನ್ನತಿ, ಅಶೋಕನ ಶಾಸನ ಮತ್ತು ಬೌದ್ಧ ಸ್ತೂಪ ಸಿಕ್ಕ ಜಾಗ. ಬಿಸಿಲಿಗೆ ಹೆದರದವರು ತಪಸ್ಸುಕಾಲದಲ್ಲೇ ಬರಬಹುದು. ಯಾರದಾದರೂ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಸಿಕ್ಕೇ ಸಿಗುತ್ತೆ. ಒಂದು ಹಿಡಿ ಕಡಿಮೆ ಹಿಟ್ಟಿನಲ್ಲಿ ಮಾಡಿದ್ದು ಅಂತ ನಿಮಗೆ ಗೊತ್ತಾಗಲ್ಲ.

ಸೋಮವಾರ ಚಾಚಿ ಮನೆಯ ಸುರಕುಂಬಾ ಕುಡಿದು, ಸಂಜೆ ರೈಲಿಗೆ ಹೊರಡೋ ಮುಂಚೆ ಕಾಕಾನ ಹತ್ತಿರ ಹೋದೆ. ನೆಲಕ್ಕೆ ದುಡ್ಡು ಫಾದರ್‌ಗೆ ಕೊಟ್ಟಾಗಿತ್ತು, ಹೆಸರಿನ ಮಾತು ಎತ್ತಿರಲಿಲ್ಲ. "ಬೇರೆ ಏನಾದರೂ ಬೇಕಾ ಕಾಕಾ?" ಅಂದೆ.

ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ಹೆಸರಿಲ್ಲ, ಓಣಿ ಇಲ್ಲ, ಹುಡುಗನೋ ಹುಡುಗಿಯೋ ಅದೂ ಇಲ್ಲ. ಒಂದರ ಕೆಳಗೊಂದು ಮೂರು ಅಂಕಿ: 2, 3, 5.

ಚಪ್ಪಲಿ ಅಳತೆ.

ಹುಡುಗರದ್ದೂ ಹುಡುಗಿಯರದ್ದೂ ಅಂತ ಬೇರೆ ಅನ್ನಿಸದ ಬಣ್ಣ ಹುಡುಕೋಕೆ ಎರಡು ಅಂಗಡಿ ಸುತ್ತಬೇಕಾಯಿತು. ಮೂರೂ ಜೊತೆ ತಂದುಕೊಟ್ಟು ರೈಲು ಹತ್ತಿದೆ. ಅವನ್ನ ಯಾರು ಹಾಕಿಕೊಂಡಿದ್ದಾರೆ ಅಂತ ನನಗೆ ಗೊತ್ತಿಲ್ಲ. ಕಾಕಾನ ಹತ್ತಿರ ಕೇಳಿಲ್ಲ, ಕೇಳೋದೂ ಇಲ್ಲ.